ಕತ್ತಿನ ಫ್ಯೂಷನ್: ಪಕ್ಕದ ಡಿಸ್ಕಿನ ಮೇಲೆ ಬೀಳುವ ಹೊರೆ

ಕತ್ತಿನ ಎರಡು ಮೂಳೆಗಳನ್ನು ಮುಂಭಾಗದಿಂದ ಬೆಸೆದು ಒಂದಾಗಿಸುವ ಫ್ಯೂಷನ್ ಶಸ್ತ್ರಚಿಕಿತ್ಸೆಗೆ ಎಪ್ಪತ್ತು ವರ್ಷದ ಇತಿಹಾಸವಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ರಾಬರ್ಟ್ ರಾಬಿನ್ಸನ್ ಮತ್ತು ಜಾರ್ಜ್ ಸ್ಮಿತ್ 1955ರಲ್ಲಿ ಇದರ ಮೊದಲ ವರದಿ ಕೊಟ್ಟರು. 1958ರಲ್ಲಿ ಹೊನೊಲುಲುವಿನ ರಾಲ್ಫ್ ಕ್ಲೋವರ್ಡ್ ಅದೇ ಉದ್ದೇಶಕ್ಕೆ ತಮ್ಮದೇ ವಿಧಾನವೊಂದನ್ನು ಪ್ರಕಟಿಸಿದರು. ಈಗ ಅಮೆರಿಕವೊಂದರಲ್ಲೇ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲೂ ಇದು ಈಗ ಮಾಮೂಲಿ. ತೋಳಿಗೆ ಇಳಿದು ನಿದ್ದೆಗೆಡಿಸುತ್ತಿದ್ದ ನೋವು ಬಹುತೇಕರಲ್ಲಿ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಫಲ ಕೊಡುವ ಚಿಕಿತ್ಸೆ ಇದು, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಸೆದ ಮೂಳೆಗಳ ಮೇಲೂ ಕೆಳಗೂ ಇರುವ ಡಿಸ್ಕುಗಳಿಗೆ ಮುಂದಿನ ಹತ್ತು, ಇಪ್ಪತ್ತು ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ಆಪರೇಷನ್‌ಗೆ ಒಪ್ಪುವಾಗ ಎಷ್ಟು ಜನ ಕೇಳುತ್ತಾರೆ, ಎಷ್ಟು ಜನರಿಗೆ ಬಿಡಿಸಿ ಹೇಳಲಾಗುತ್ತದೆ? ಅಳೆದ ಅಂಕಿಗಳಿವೆ. ಅವು ಕಳವಳ ಹುಟ್ಟಿಸುವಂತಿವೆ.

ಗದ್ದವನ್ನು ಎದೆಗೆ ತಾಗಿಸಿ ಕತ್ತಿನ ಹಿಂಬದಿಯಲ್ಲಿ ಬೆರಳಾಡಿಸಿದರೆ ಹೆಗಲ ಮಟ್ಟದಲ್ಲಿ ಒಂದು ಗಂಟು ಎದ್ದು ಸಿಗುತ್ತದೆ. ಹೆಚ್ಚಿನವರಲ್ಲಿ ಅದು ಕತ್ತಿನ ಏಳನೆಯ ಮೂಳೆಯ ತುದಿ. ಬೆನ್ನುಮೂಳೆಯ ಇಂಥ ಬಿಡಿ ಎಲುಬುಗಳಿಗೆ ಕಶೇರುಮಣಿ ಎಂದು ಹೆಸರು. ಇಲ್ಲಿ ಮಣಿ ಎಂದರೆ ಸಾಕು. ಕತ್ತಿನಲ್ಲಿ ಏಳು ಮಣಿಗಳಿವೆ. ವೈದ್ಯರು ಅವುಗಳನ್ನು ಮೇಲಿನಿಂದ ಸಿ1, ಸಿ2 ಎಂದು ಸಿ7ರವರೆಗೆ ಎಣಿಸುತ್ತಾರೆ. ಮಣಿಗಳ ನಡುವೆ ಮೆತ್ತೆಯಂತೆ ಇರುವುದೇ ಡಿಸ್ಕ್. ಮೊದಲೆರಡು ಮಣಿಗಳ ನಡುವೆ ಮಾತ್ರ ಅದು ಇಲ್ಲ. ಸಿ2ರಿಂದ ಕೆಳಕ್ಕೆ, ಎದೆಭಾಗದ ಮೊದಲ ಮಣಿಯವರೆಗೆ ಒಟ್ಟು ಆರು ಡಿಸ್ಕುಗಳು. ತಲೆಯನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸುವಾಗ ಇವುಗಳಲ್ಲಿ ಹೆಚ್ಚು ದುಡಿಯುವವು ನಡುವಿನಿಂದ ಕೆಳಗಿರುವವು. ಸಿ5 ಮತ್ತು ಸಿ6ರ ನಡುವಿನ ಒಂದೇ ಕೀಲಿನಲ್ಲಿ ಸುಮಾರು 20 ಡಿಗ್ರಿಯಷ್ಟು ಚಲನೆ ಇರುತ್ತದೆ. ಸವೆತ ಮೊದಲು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ, ಅಥವಾ ಅದರ ಕೆಳಗಿನ ಸಿ6–ಸಿ7ರಲ್ಲಿ.

ಡಿಸ್ಕಿನ ನಡುವೆ ನೀರು ಹಿಡಿದಿಟ್ಟುಕೊಂಡ ಮೆತ್ತನೆಯ ತಿರುಳು ಇರುತ್ತದೆ. ಅದರ ಸುತ್ತ ಪದರಪದರವಾಗಿ ಹೆಣೆದ ನಾರಿನ ಉಂಗುರ. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವೇ ಹೋಗುವುದಿಲ್ಲ. ಮೇಲೆ ಕೆಳಗೆ ಇರುವ ಮಣಿಗಳ ತೆಳುವಾದ ಮೃದ್ವಸ್ಥಿ ಫಲಕದ ಮೂಲಕ ಪೋಷಕಾಂಶಗಳು ನಿಧಾನವಾಗಿ ಜಿನುಗಿ ಒಳಗೆ ಹೋಗಬೇಕು, ಒಳಗಿನ ತ್ಯಾಜ್ಯ ಅದೇ ದಾರಿಯಲ್ಲಿ ಹೊರಗೆ ಬರಬೇಕು. ಆದ್ದರಿಂದ ಒಮ್ಮೆ ಹಾನಿಗೊಳಗಾದ ಡಿಸ್ಕ್, ಮುರಿದ ಮೂಳೆ ಕೂಡಿಕೊಂಡಂತೆ ಮತ್ತೆ ಕೂಡಿಕೊಳ್ಳುವುದಿಲ್ಲ. ಒತ್ತಡ ಬಹುಕಾಲ ಹೆಚ್ಚಾಗಿಯೇ ಉಳಿದರೆ ತಿರುಳು ನೀರು ಕಳೆದುಕೊಳ್ಳುತ್ತದೆ, ಡಿಸ್ಕಿನ ಎತ್ತರ ಕುಗ್ಗುತ್ತದೆ, ಉಂಗುರ ಬಿರಿಯುತ್ತದೆ, ಮಣಿಯ ಅಂಚಿನಲ್ಲಿ ಎಲುಬಿನ ಮುಳ್ಳುಗಳು ಬೆಳೆಯುತ್ತವೆ. ತೋಳಿಗೆ ಹೋಗುವ ನರದ ಬೇರನ್ನೋ, ನಡುವಿನ ಬೆನ್ನುಹುರಿಯನ್ನೋ ಕೊನೆಗೆ ಒತ್ತುವುದು ಈ ಮುಳ್ಳು ಅಥವಾ ಹೊರಗೆ ಉಬ್ಬಿದ ಡಿಸ್ಕ್.

ಫ್ಯೂಷನ್‌ನಲ್ಲಿ ಮಾಡುವುದು ಇಷ್ಟು. ರೋಗಿಯನ್ನು ಅಂಗಾತ ಮಲಗಿಸಿ, ಕತ್ತಿನ ಮುಂಭಾಗದಲ್ಲಿ ಚರ್ಮದ ಸಹಜ ಗೆರೆಯೊಂದರ ಮೇಲೆ ಅಡ್ಡಲಾಗಿ ಸಣ್ಣದಾಗಿ ಕೊಯ್ಯುತ್ತಾರೆ. ಅನ್ನನಾಳ, ಶ್ವಾಸನಾಳಗಳನ್ನು ಒಂದು ಪಕ್ಕಕ್ಕೆ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರೆ ಮಣಿಗಳ ಮುಂಬದಿ ಕಾಣುತ್ತದೆ. ಬರಿಗಣ್ಣಿಗೆ ಎಲ್ಲ ಡಿಸ್ಕುಗಳೂ ಒಂದೇ ಥರ. ಹಾಗಾಗಿ ಒಂದು ಡಿಸ್ಕಿಗೆ ಸೂಜಿ ಚುಚ್ಚಿ, ಎಕ್ಸ್‌ರೇ ತೆಗೆದು, ಇದು ಎಷ್ಟನೆಯದೆಂದು ಖಾತ್ರಿ ಮಾಡಿಕೊಳ್ಳುವುದು ವಾಡಿಕೆ. ಆಮೇಲೆ ಕೆಟ್ಟ ಡಿಸ್ಕನ್ನು ಪೂರ್ತಿ ಕೆರೆದು ತೆಗೆದು, ನರವನ್ನು ಒತ್ತುತ್ತಿದ್ದ ಮುಳ್ಳನ್ನು ಸವರಿ, ಖಾಲಿಯಾದ ಜಾಗಕ್ಕೆ ಮೂಳೆಯ ತುಂಡನ್ನೋ, ಪ್ಲಾಸ್ಟಿಕ್ ಅಥವಾ ಟೈಟಾನಿಯಂನ ಪುಟ್ಟ ಪಂಜರವನ್ನೋ ಕೂರಿಸುತ್ತಾರೆ. ಎದುರಿಗೆ ಒಂದು ಲೋಹದ ಪ್ಲೇಟ್, ಅದಕ್ಕೆ ಸ್ಕ್ರೂಗಳು. ಕೆಲವು ತಿಂಗಳಲ್ಲಿ ಎರಡು ಮಣಿಗಳ ನಡುವೆ ಮೂಳೆ ಬೆಳೆದು ಅವೆರಡೂ ಒಂದಾಗುತ್ತವೆ. ಅಲ್ಲಿ ಇನ್ನು ಚಲನೆ ಇಲ್ಲ. ಚಲನೆ ನಿಲ್ಲುವುದೇ ಈ ಚಿಕಿತ್ಸೆಯ ಗುರಿ, ಅದರ ಬೆಲೆಯೂ ಅದರಲ್ಲೇ ಇದೆ.

ಏಕೆಂದರೆ ಕತ್ತಿನ ಮೇಲೆ ಕೂತ ತಲೆಯ ತೂಕ ಮೊದಲಿನಷ್ಟೇ, ನಾಲ್ಕೂವರೆಯಿಂದ ಐದು ಕಿಲೋ. ಸ್ಕೂಟರ್ ಹಿಂದಕ್ಕೆ ತಿರುಗಿಸುವಾಗ, ಒಲೆಯ ಮುಂದೆ ಬಗ್ಗಿದಾಗ, ಫೋನ್ ನೋಡುವಾಗ ಕತ್ತು ಮೊದಲಿನಷ್ಟೇ ಬಾಗಬೇಕು, ಹೊರಳಬೇಕು. ಒಂದು ಕೀಲು ಬಿಟ್ಟುಕೊಟ್ಟ ಚಲನೆಯನ್ನು ಉಳಿದವು ಹಂಚಿಕೊಳ್ಳುತ್ತವೆ, ಅದರಲ್ಲಿ ದೊಡ್ಡ ಪಾಲು ಹೊರುವವು ಪಕ್ಕದವು.

ಈ ಊಹೆಯನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಅಮೆರಿಕದ ಜೇಸನ್ ಎಕ್ ಮತ್ತು ಸಂಗಡಿಗರು ಮೃತದೇಹಗಳಿಂದ ಪಡೆದ ಕತ್ತಿನ ಬೆನ್ನುಮೂಳೆಗಳ ಡಿಸ್ಕುಗಳೊಳಗೆ ಒತ್ತಡಮಾಪಕಗಳನ್ನು ಇಟ್ಟು, ಸಿ5–ಸಿ6ಕ್ಕೆ ಪ್ಲೇಟ್ ಹಾಕುವ ಮೊದಲು ಒಮ್ಮೆ, ಹಾಕಿದ ನಂತರ ಇನ್ನೊಮ್ಮೆ ಬಾಗಿಸಿದರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಮುಂದಕ್ಕೆ ಬಾಗಿಸಿದಾಗ ಮೇಲಿನ ಸಿ4–ಸಿ5 ಡಿಸ್ಕಿನ ಒಳಗಿನ ಒತ್ತಡ ಶೇ 73ರಷ್ಟೂ ಕೆಳಗಿನ ಸಿ6–ಸಿ7ರಲ್ಲಿ ಶೇ 45ರಷ್ಟೂ ಏರಿತು. ಇಲ್ಲಿ ಒಂದು ಮಿತಿಯನ್ನು ಹೇಳಬೇಕು. ಬೆಸೆದ ಕತ್ತನ್ನೂ ಬೆಸೆಯದ ಕತ್ತನ್ನೂ ಅವರು ಒಂದೇ ಕೋನಕ್ಕೆ ಬಾಗಿಸಿದರು. ಜೀವಂತ ಮನುಷ್ಯ ಆಪರೇಷನ್ ನಂತರ ಸ್ವಲ್ಪ ಕಡಿಮೆ ಬಾಗಬಹುದು, ಸೊಂಟದಿಂದ ಹೊಂದಿಸಿಕೊಳ್ಳಬಹುದು. ಆದ್ದರಿಂದ ಶೇ 73 ಎಂಬ ಅಂಕಿಯನ್ನು ನಿತ್ಯಜೀವನದ ಅಳತೆಯೆಂದು ಹಿಡಿಯಬಾರದು. ಹೊರೆ ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ತೋರಿಸುತ್ತದೆ.

ಪ್ರಕೃತಿಯೂ ಇಂಥದ್ದೊಂದು ಪ್ರಯೋಗ ಮಾಡಿಟ್ಟಿದೆ. ಕೆಲವರು ಹುಟ್ಟುವಾಗಲೇ ಕತ್ತಿನ ಎರಡು ಅಥವಾ ಹೆಚ್ಚು ಮಣಿಗಳು ಅಂಟಿಕೊಂಡೇ ಹುಟ್ಟುತ್ತಾರೆ. 1912ರಲ್ಲಿ ಇದನ್ನು ವಿವರಿಸಿದ ಇಬ್ಬರು ಫ್ರೆಂಚ್ ವೈದ್ಯರ ನೆನಪಿಗೆ ಕ್ಲಿಪೆಲ್–ಫೀಲ್ ಸ್ಥಿತಿ ಎಂದು ಹೆಸರು. ಇವರಿಗೆ ಚಾಕು ತಗುಲಿಲ್ಲ, ಪ್ಲೇಟ್ ಹಾಕಿಲ್ಲ. ಆದರೂ ಅಂಟಿದ ಮಣಿಗಳ ಪಕ್ಕದ ಕೀಲುಗಳಲ್ಲಿ ಸವೆತ, ಅತಿಯಾದ ಚಲನೆ ಕಾಣಿಸಿಕೊಳ್ಳುವುದು ಬಹಳ ಕಾಲದಿಂದ ತಿಳಿದಿರುವ ವಿಷಯ.

ಇನ್ನು ರೋಗಿಗಳ ಲೆಕ್ಕ. ಇದರಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ 1999ರದು. ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರಚಿಕಿತ್ಸಕ ಹೆನ್ರಿ ಬೋಲ್ಮನ್ ಅವರ ರೋಗಿಗಳನ್ನು ಅಲನ್ ಹಿಲಿಬ್ರಾಂಡ್ ಮತ್ತು ಸಂಗಡಿಗರು ದೀರ್ಘಕಾಲ ಹಿಂಬಾಲಿಸಿದರು: 374 ರೋಗಿಗಳು, 409 ಆಪರೇಷನ್‌ಗಳು, ಕೆಲವರದು 21 ವರ್ಷದವರೆಗಿನ ದಾಖಲೆ. ಅವರು ಎಣಿಸಿದ್ದು ಎಕ್ಸ್‌ರೇಯಲ್ಲಿ ಕಂಡ ಸವೆತವನ್ನಲ್ಲ. ಪಕ್ಕದ ಡಿಸ್ಕಿನಿಂದ ಹೊಸದಾಗಿ ನರದ ಅಥವಾ ಬೆನ್ನುಹುರಿಯ ತೊಂದರೆ ಶುರುವಾದವರನ್ನು. ಅಂಥವರು ವರ್ಷಕ್ಕೆ ಸರಾಸರಿ ಶೇ 2.9. ಹತ್ತು ವರ್ಷದೊಳಗೆ ಶೇ 25.6ರಷ್ಟು ರೋಗಿಗಳಿಗೆ ಇದು ಬರುತ್ತದೆಂದು ಅವರ ಅಂದಾಜು. ನಾಲ್ವರಲ್ಲಿ ಒಬ್ಬರಿಗೆ ಎಂದಾಯಿತು. ಹಾಗೆ ತೊಂದರೆಗೊಳಗಾದವರಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಮಂದಿಗೆ ಔಷಧಿ, ವ್ಯಾಯಾಮಗಳಿಂದ ಗುಣ ಕಾಣದೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು.

ಹದಿನೈದು ವರ್ಷದ ನಂತರ, 2014ರಲ್ಲಿ, ಇದಕ್ಕಿಂತ ದೊಡ್ಡದಾದ 1,358 ರೋಗಿಗಳ ವಿಶ್ಲೇಷಣೆಯೊಂದು ಪ್ರಕಟವಾಯಿತು. ಕತ್ತಿನ ಬೇರೆಬೇರೆ ಬಗೆಯ ಆಪರೇಷನ್ ಮಾಡಿಸಿಕೊಂಡವರು ಇದರಲ್ಲಿದ್ದರು. ಪಕ್ಕದ ಕೀಲಿಗೆ ಎರಡನೆಯ ಆಪರೇಷನ್ ಮಾಡಿಸಿಕೊಂಡವರನ್ನಷ್ಟೇ ಎಣಿಸಿದರೂ ದರ ವರ್ಷಕ್ಕೆ ಶೇ 2.3 ಇತ್ತು, ಹತ್ತು ವರ್ಷಕ್ಕೆ ಶೇ 21.9. ಗಮನಿಸಬೇಕಾದ ಮಾತೆಂದರೆ ಈ ದರ ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಮೊದಲ ಮೂರು ವರ್ಷ ದಾಟಿದವರು ಬಚಾವಾದರು ಎನ್ನುವಂತಿರಲಿಲ್ಲ.

ಇದೇ ದರ ಇಪ್ಪತ್ತು ವರ್ಷ ನಡೆದರೆ ಏನಾಗುತ್ತದೆ? ಯಾರೂ ಅಳೆದ ಅಂಕಿಯಲ್ಲ, ಬರೀ ಲೆಕ್ಕಾಚಾರ: ಪ್ರತಿ ವರ್ಷ ಉಳಿದವರಲ್ಲಿ ಶೇ 2.3 ಮಂದಿಯಂತೆ ಇಪ್ಪತ್ತು ವರ್ಷಕ್ಕೆ ಸುಮಾರು ಶೇ 37 ಆಗುತ್ತದೆ. ಅರವತ್ತೈದು ದಾಟಿದವರಿಗೆ ಇದು ಅಷ್ಟು ದೊಡ್ಡ ಚಿಂತೆಯಾಗದಿರಬಹುದು. ನಲವತ್ತರ ಆಸುಪಾಸಿನಲ್ಲಿ ಕತ್ತು ಬೆಸೆಸಿಕೊಂಡವರ ಮುಂದೆ ಇನ್ನೂ ಮೂವತ್ತು ವರ್ಷದ ಬದುಕಿದೆ. ಪಕ್ಕದ ಡಿಸ್ಕಿಗೂ ಫ್ಯೂಷನ್ ಆದರೆ ಅದರ ಪಕ್ಕದ್ದು ಹೊಸ ನೆರೆಯಾಗುತ್ತದೆ. ಇರುವುದು ಒಟ್ಟು ಆರೇ ಡಿಸ್ಕ್. ನನ್ನ ಆತಂಕ ಮುಖ್ಯವಾಗಿ ಈ ವಯಸ್ಸಿನವರ ಬಗ್ಗೆ.

ಸಮಸ್ಯೆ ಇಷ್ಟು ದೊಡ್ಡದಾಗಿದ್ದರೆ ಎಲ್ಲರಿಗೂ ಗೊತ್ತಿರಬೇಕಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಅಧ್ಯಯನಗಳ ಅವಧಿಯಲ್ಲಿದೆ. ಬಹುಪಾಲು ಅಧ್ಯಯನಗಳು ರೋಗಿಯನ್ನು ಎರಡು ವರ್ಷ, ಹೆಚ್ಚೆಂದರೆ ಐದು ವರ್ಷ ನೋಡುತ್ತವೆ. ತೋಳಿನ ನೋವು ಹೋಯಿತೇ, ಮೂಳೆ ಕೂಡಿತೇ ಎಂದು ತಿಳಿಯಲು ಎರಡು ವರ್ಷ ಧಾರಾಳ. ವರ್ಷಕ್ಕೆ ಶೇ 2–3ರಂತೆ ಕೂಡುತ್ತ ಹೋಗುವ ಹಾನಿ ಅಷ್ಟು ಅಲ್ಪ ಅವಧಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆಪರೇಷನ್ ಮಾಡಿದ ವೈದ್ಯರ ಅನುಭವವೂ ಹೀಗೆಯೇ ಮಸುಕಾಗುತ್ತದೆ. ನೋವು ಹೋದ ರೋಗಿ ಕೃತಜ್ಞತೆಯಿಂದ ಮನೆಗೆ ಹೋಗುತ್ತಾರೆ. ಎಂಟು ವರ್ಷದ ಮೇಲೆ ಇನ್ನೊಂದು ಕೈಗೆ ಜೋಮು ಹಿಡಿದಾಗ ಬೇರೆ ಊರಿನಲ್ಲಿರುತ್ತಾರೆ, ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಮೊದಲ ವೈದ್ಯರ ಮಟ್ಟಿಗೆ ಆ ಆಪರೇಷನ್ ಯಶಸ್ವಿಯಾಗಿಯೇ ಉಳಿಯುತ್ತದೆ.

ಎದುರು ವಾದವನ್ನೂ ನ್ಯಾಯವಾಗಿ ಇಡಬೇಕು. ಡಿಸ್ಕ್ ಸವೆಯಲು ಫ್ಯೂಷನ್ನೇ ಬೇಕಿಲ್ಲ, ವಯಸ್ಸು ಸಾಕು. ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕತ್ತಿನ ಎಂ.ಆರ್.ಐ. ತೆಗೆದು ನೋಡಿದ ಜಪಾನಿನ ಅಧ್ಯಯನವೊಂದು 2015ರಲ್ಲಿ ಬಂತು. ಅವರಲ್ಲಿ ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಮುಕ್ಕಾಲುಪಾಲು ಜನರಿಗೆ ಉಬ್ಬಿತ್ತು! ಒಂದು ಡಿಸ್ಕ್ ಕೆಟ್ಟು ಆಪರೇಷನ್ ಹಂತಕ್ಕೆ ಹೋದವರಲ್ಲಿ ಉಳಿದ ಡಿಸ್ಕುಗಳೂ ದುರ್ಬಲವೇ ಇರಬಹುದು, ಫ್ಯೂಷನ್ ಇಲ್ಲದಿದ್ದರೂ ಕೆಡುತ್ತಿದ್ದವೇನೋ. ಹಿಲಿಬ್ರಾಂಡ್ ಅವರ ಅಂಕಿಗಳಲ್ಲೇ ಈ ವಾದಕ್ಕೆ ಬಲ ಕೊಡುವ ಒಂದು ಅಂಶವಿದೆ. ಹೆಚ್ಚು ಮಣಿಗಳನ್ನು ಬೆಸೆದಷ್ಟೂ ಪಕ್ಕದ ಡಿಸ್ಕಿನ ಹೊರೆ ಹೆಚ್ಚಬೇಕು, ಕಾಯಿಲೆಯೂ ಹೆಚ್ಚಬೇಕು. ಆದರೆ ಒಂದೇ ಮಟ್ಟದಲ್ಲಿ ಬೆಸೆದವರಿಗಿಂತ ಹಲವು ಮಟ್ಟಗಳಲ್ಲಿ ಬೆಸೆದವರಲ್ಲಿ ಕಾಯಿಲೆ ಕಡಿಮೆ ಕಂಡಿತು. ಬೇಗ ಸವೆಯುವ ಸಿ5–ಸಿ6, ಸಿ6–ಸಿ7 ಎರಡೂ ಬೆಸುಗೆಯೊಳಗೇ ಸೇರಿಹೋದರೆ ಪಕ್ಕದಲ್ಲಿ ಉಳಿಯುವುದು ತುಸು ಗಟ್ಟಿಯಾದ ಡಿಸ್ಕುಗಳು ಎಂಬುದು ಅದಕ್ಕೆ ಕೊಡುವ ವಿವರಣೆ.

ಹಾಗಾದರೆ ವಯಸ್ಸಿನ ಪಾಲೆಷ್ಟು, ಬೆಸುಗೆಯ ಪಾಲೆಷ್ಟು? ಬಿಡಿಸಲು ಒಂದು ದಾರಿ, ಆಪರೇಷನ್ ಆದವರನ್ನು ಆಗದ ಆರೋಗ್ಯವಂತರ ಪಕ್ಕದಲ್ಲಿಟ್ಟು ಅಷ್ಟೇ ವರ್ಷ ನೋಡುವುದು. ಜಪಾನಿನ ಮೊರಿಯೊ ಮತ್ಸುಮೊತೊ ಮತ್ತು ಸಂಗಡಿಗರು ಅದನ್ನೇ ಮಾಡಿದರು. ಫ್ಯೂಷನ್ ಆದ 64 ರೋಗಿಗಳನ್ನೂ ಕತ್ತಿನ ತೊಂದರೆಯಿಲ್ಲದ 201 ಸ್ವಯಂಸೇವಕರನ್ನೂ ಸುಮಾರು ಹತ್ತು ವರ್ಷದ ಅಂತರದಲ್ಲಿ ಎಂ.ಆರ್.ಐ. ಮಾಡಿ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಸವೆತ ಎರಡೂ ಗುಂಪಿನಲ್ಲಿ ಮುಂದುವರಿದಿತ್ತು. ಆದರೆ ಫ್ಯೂಷನ್ ಆದವರ ಪಕ್ಕದ ಡಿಸ್ಕುಗಳಲ್ಲಿ ಅದು ಸ್ಪಷ್ಟವಾಗಿ ಹೆಚ್ಚಾಗಿತ್ತು. ನನ್ನ ತೀರ್ಮಾನ ಇದು: ವಯಸ್ಸು ಸವೆಸುತ್ತಿರುವ ಡಿಸ್ಕಿನ ಮೇಲೆ ಬೆಸುಗೆ ಇನ್ನೊಂದು ಹೊರೆಯನ್ನು ಏರಿಸುತ್ತದೆ. ಮೊದಲನೆಯದನ್ನು ತಡೆಯಲು ನಮ್ಮ ಕೈಲಾಗದು. ಎರಡನೆಯದು ನಮ್ಮ ನಿರ್ಧಾರಕ್ಕೆ ಬಿಟ್ಟದ್ದು.

ಆ ಹೊರೆಯ ಒಂದಿಷ್ಟು ಭಾಗ ಆಪರೇಷನ್ ಟೇಬಲ್ಲಿನ ಮೇಲೇ ತೀರ್ಮಾನವಾಗುತ್ತದೆ. ಡಿಸ್ಕಿನ ಲೆಕ್ಕ ಹಿಡಿಯಲು ಚುಚ್ಚುವ ಸೂಜಿಯ ಮಾತು ಮೇಲೆ ಬಂತು. ಆ ಸೂಜಿ ತಪ್ಪಿ ಪಕ್ಕದ ಒಳ್ಳೆಯ ಡಿಸ್ಕಿಗೆ ಹೊಕ್ಕಿದ್ದವರಲ್ಲಿ ಆ ಡಿಸ್ಕ್ ಸವೆಯುವ ಸಂಭವ ಮೂರು ಪಟ್ಟು ಹೆಚ್ಚಿತ್ತೆಂದು 2009ರ ಅಧ್ಯಯನವೊಂದು ತೋರಿಸಿತು. ಒಂದು ಸೂಜಿಮೊನೆಯ ಗಾಯ! ಪ್ಲೇಟಿನ ಉದ್ದವೂ ಹಾಗೆಯೇ. ಅದರ ಅಂಚು ಪಕ್ಕದ ಡಿಸ್ಕಿಗೆ 5 ಮಿಲಿಮೀಟರಿಗಿಂತ ಹತ್ತಿರ ಬಂದರೆ ಅಲ್ಲಿ ಬೇಡದ ಮೂಳೆ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆಂದು 2005ರಲ್ಲಿ ಕಂಡುಬಂತು. ಕತ್ತಿನ ಮೂಳೆ ಸಹಜವಾಗಿ ಮುಂದಕ್ಕೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ಹೋಗಿ ನೆಟ್ಟಗಾಗಿಯೋ ಹಿಮ್ಮುಖವಾಗಿಯೋ ಬೆಸೆದುಕೊಂಡರೆ ಪಕ್ಕದ ಡಿಸ್ಕುಗಳು ಇನ್ನಷ್ಟು ಒತ್ತಡಕ್ಕೆ ಸಿಗುತ್ತವೆ. ರೋಗಿಯ ಕಡೆಯಿಂದ ಸೇರುವ ಅಪಾಯಗಳಲ್ಲಿ ಧೂಮಪಾನ ಮುಖ್ಯ. ಅದು ಮೂಳೆ ಕೂಡುವುದನ್ನೂ ತಡಮಾಡುತ್ತದೆ. 1,358 ರೋಗಿಗಳ ಆ ವಿಶ್ಲೇಷಣೆಯಲ್ಲಿ ಪಕ್ಕದ ಕೀಲಿಗೆ ಮರು ಆಪರೇಷನ್ ಬೇಕಾಗುವ ಸಂಭವವನ್ನೂ ಧೂಮಪಾನ ಹೆಚ್ಚಿಸಿತ್ತು.

ಚಲನೆ ನಿಂತದ್ದೇ ಕಾರಣವಾದರೆ ಚಲನೆ ಉಳಿಸುವ ಚಿಕಿತ್ಸೆ ಬೇಕು ಎಂಬ ತರ್ಕದಿಂದ ಕೃತಕ ಡಿಸ್ಕ್ ಹುಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಕತ್ತಿನ ಮೊದಲ ಕೃತಕ ಡಿಸ್ಕಿಗೆ ಅನುಮತಿ ಕೊಟ್ಟಿತು. ಆ ಡಿಸ್ಕಿನ ಏಳು ವರ್ಷದ ಫಲಿತಾಂಶದಲ್ಲಿ ಪಕ್ಕದ ಕೀಲಿಗೆ ಆಪರೇಷನ್ ಬೇಕಾದವರು ಶೇ 4.6, ಫ್ಯೂಷನ್ ಗುಂಪಿನಲ್ಲಿ ಶೇ 11.9. ವ್ಯತ್ಯಾಸ ದೊಡ್ಡದೇ. ಆದರೆ ಆ ಪರೀಕ್ಷೆಯ ಹಿಂದೆ ಇದ್ದದ್ದು ಡಿಸ್ಕ್ ತಯಾರಿಸಿದ ಕಂಪನಿ. ಯಾರಿಗೆ ಯಾವ ಚಿಕಿತ್ಸೆಯಾಗಿದೆ ಎಂಬುದು ಆಪರೇಷನ್ ನಂತರ ವೈದ್ಯರಿಗೂ ರೋಗಿಗೂ ಗೊತ್ತಿತ್ತು, ಮರು ಆಪರೇಷನ್ ಮಾಡಬೇಕೇ ಎಂಬ ತೀರ್ಮಾನದ ಮೇಲೆ ಆ ತಿಳಿವಳಿಕೆ ಪ್ರಭಾವ ಬೀರಬಹುದು. ಕೆಲವರಲ್ಲಿ ಕೃತಕ ಡಿಸ್ಕಿನ ಸುತ್ತ ಮೂಳೆ ಬೆಳೆದು ಅದೂ ಕೊನೆಗೆ ಬಿಗಿಯುತ್ತದೆ. ಮೂಳೆ ಟೊಳ್ಳಾದವರಿಗೆ, ಹಿಂಬದಿಯ ಸಣ್ಣ ಕೀಲುಗಳು ಸವೆದವರಿಗೆ ಅದು ಹೊಂದುವುದೂ ಇಲ್ಲ. ಕತ್ತಿನ ಹಿಂಬದಿಯಿಂದ ನರದ ದಾರಿಯನ್ನಷ್ಟೇ ಅಗಲಿಸಿ, ಏನನ್ನೂ ಬೆಸೆಯದ ಹಳೆಯ ವಿಧಾನ ಇನ್ನೊಂದಿದೆ. ಅದನ್ನು ಮಾಡಿಸಿಕೊಂಡ 303 ರೋಗಿಗಳ 2007ರ ಅಧ್ಯಯನದಲ್ಲಿ ಪಕ್ಕದ ಡಿಸ್ಕಿನ ಕಾಯಿಲೆ ಹತ್ತು ವರ್ಷಕ್ಕೆ ಸುಮಾರು ಶೇ 7. ಆ ರೋಗಿಗಳ ಕಾಯಿಲೆಯ ಸ್ವರೂಪವೇ ಬೇರೆಯಿರಬಹುದಾದ್ದರಿಂದ ಇದನ್ನು ಶೇ 25.6ರ ಪಕ್ಕದಲ್ಲಿ ನೇರವಾಗಿ ಇಟ್ಟು ತೂಗಲಾಗದು. ಆದರೂ ಆಯ್ಕೆಯೊಂದಿದೆ ಎಂಬುದು ರೋಗಿಗೆ ತಿಳಿದಿರಬೇಕು.

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ, ಆಪರೇಷನ್ ಬೇಕೇ ಎಂಬುದು. ಇಲ್ಲಿ ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡಲೇಬೇಕು. ಬೆನ್ನುಹುರಿಯೇ ಒತ್ತಿಹೋಗಿದ್ದರೆ, ಅಂದರೆ ಅಂಗಿಯ ಗುಂಡಿ ಹಾಕಲು ಬೆರಳು ಒದಗದಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಕಾಯುವುದು ತಪ್ಪು. ಹೋದ ಶಕ್ತಿ ಪೂರ್ತಿ ಮರಳದೆ ಇರಬಹುದು. ಅಂಥವರು ಹತ್ತು ವರ್ಷದಾಚೆಯ ಪಕ್ಕದ ಡಿಸ್ಕಿನ ಚಿಂತೆಯಿಂದ ಇಂದಿನ ಆಪರೇಷನ್ ಮುಂದೂಡಬಾರದು. ಕೈಯ ಬಲ ದಿನೇದಿನೇ ಕುಗ್ಗುತ್ತಿದ್ದರೂ ಇದೇ ಮಾತು.

ಬರೀ ನರದ ಬೇರು ಒತ್ತಿ ತೋಳು ನೋಯುತ್ತಿದ್ದರೆ ವಿಷಯ ಬೇರೆ. ಅಮೆರಿಕದ ಮಿನೆಸೋಟಾ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಇಂಥ ರೋಗಿಗಳನ್ನು ಸರಾಸರಿ ಐದು ವರ್ಷದ ಹತ್ತಿರ ಹಿಂಬಾಲಿಸಿದ 1994ರ ಅಧ್ಯಯನದಲ್ಲಿ, ಕೊನೆಯ ಬಾರಿ ನೋಡಿದಾಗ ಶೇ 90 ಮಂದಿಗೆ ನೋವೇ ಇರಲಿಲ್ಲ ಅಥವಾ ಅಲ್ಪಸ್ವಲ್ಪ ಇತ್ತು. ಒಟ್ಟು ರೋಗಿಗಳಲ್ಲಿ ಆಪರೇಷನ್ ಆಗಿದ್ದದ್ದು ಸುಮಾರು ಕಾಲು ಭಾಗಕ್ಕೆ ಮಾತ್ರ. 1997ರಲ್ಲಿ ಪ್ರಕಟವಾದ ಸ್ವೀಡನ್ನಿನ ಪರೀಕ್ಷೆಯೊಂದರಲ್ಲಿ 81 ರೋಗಿಗಳನ್ನು ಚೀಟಿ ಎತ್ತಿದಂತೆ ಆಪರೇಷನ್, ಫಿಸಿಯೊಥೆರಪಿ, ಕತ್ತಿನ ಕಾಲರ್ ಎಂದು ಮೂರು ಗುಂಪು ಮಾಡಿದ್ದರು. ಮೊದಲ ತಿಂಗಳುಗಳಲ್ಲಿ ಆಪರೇಷನ್ ಆದವರೇ ಮುಂದಿದ್ದರು. ಒಂದು ವರ್ಷ ಕಳೆದ ಮೇಲೆ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಜಾರಿದ ಡಿಸ್ಕಿನ ತುಣುಕನ್ನು ದೇಹ ತಾನಾಗಿ ಕರಗಿಸಿಕೊಳ್ಳುವುದೂ ಉಂಟು.

ನಮ್ಮಲ್ಲಿ ನಡೆಯುವ ಕ್ರಮ ಇದಕ್ಕೆ ಉಲ್ಟಾ ಇರುವುದೇ ಹೆಚ್ಚು. ಕತ್ತು ನೋವೆಂದರೆ ಮೊದಲು ಎಂ.ಆರ್.ಐ., ಅದರಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಸಾಲು, ಆ ಸಾಲು ನೋಡಿ ಮನೆಮಂದಿಗೆಲ್ಲ ಗಾಬರಿ. ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು ಎಂಬತ್ತೆಂಟು ಮಂದಿಯ ವರದಿಯಲ್ಲಿ ಅದೇ ಸಾಲು ಬರುತ್ತದೆಂದು ಅವರಿಗೆ ಹೇಳುವವರು ವಿರಳ. ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆಗೆ ದಾಖಲಾದರೆ ಹಣ ಕೊಡುತ್ತವೆ, ಮೂರು ತಿಂಗಳ ಫಿಸಿಯೊಥೆರಪಿಯ ಖರ್ಚನ್ನು ಮನೆಯವರೇ ಭರಿಸಬೇಕು. ಕಾಯಬಹುದಾದ ರೋಗಿಯನ್ನೂ ಈ ವ್ಯವಸ್ಥೆ ಆಪರೇಷನ್ ಕಡೆಗೇ ನೂಕುತ್ತದೆ. ಕಂಪ್ಯೂಟರ್ ಮುಂದೆ ದುಡಿಯುವ, ದಿನಕ್ಕೆರಡು ಹೊತ್ತು ಬೈಕಿನಲ್ಲಿ ಕುಲುಕುವ ಮೂವತ್ತೈದು, ನಲವತ್ತರ ವಯಸ್ಸಿನವರು ಹೀಗೆ ಒಂದು ಡಿಸ್ಕ್ ಬೆಸೆಸಿಕೊಂಡರೆ ಅದರ ಪೂರ್ತಿ ಲೆಕ್ಕ ತಿಳಿಯುವುದು ಅವರ ಐವತ್ತು, ಅರವತ್ತರಲ್ಲಿ.

ಆ ಲೆಕ್ಕ ಇಡುವ ವ್ಯವಸ್ಥೆ ಬೇಕು. ಸ್ವೀಡನ್ ದೇಶ ಬೆನ್ನುಮೂಳೆಯ ಆಪರೇಷನ್‌ಗಳಿಗೆ ರಾಷ್ಟ್ರೀಯ ನೋಂದಣಿಯನ್ನೇ ಇಟ್ಟು, ರೋಗಿಗಳನ್ನು ವರ್ಷಗಳ ಮೇಲೆ ಮತ್ತೆ ಕೇಳುತ್ತದೆ. ಕರ್ನಾಟಕದ ದೊಡ್ಡ ಆಸ್ಪತ್ರೆಗಳು ತಮ್ಮ ಫ್ಯೂಷನ್ ರೋಗಿಗಳನ್ನು ಐದನೆಯ ವರ್ಷ, ಹತ್ತನೆಯ ವರ್ಷ ಒಮ್ಮೆ ಫೋನ್ ಮಾಡಿ ವಿಚಾರಿಸಿ ಬರೆದಿಟ್ಟರೂ ನಮ್ಮದೇ ಜನರ ಅಂಕಿಗಳು ಸಿಗುತ್ತವೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಆಪರೇಷನ್‌ಗೆ ಸಲಹೆ ಬಂದಿರುವವರು ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ನನ್ನ ಬೆನ್ನುಹುರಿ ಒತ್ತಿದೆಯೇ, ಬರೀ ನರವೇ? ಕೈಯ ಬಲ ಚೆನ್ನಾಗಿದ್ದರೆ ಆರರಿಂದ ಹನ್ನೆರಡು ವಾರ ಕಾಯಬಹುದೇ? ಬೆಸೆಯದೆ ಮಾಡುವ ದಾರಿ ನನಗೆ ಹೊಂದುತ್ತದೆಯೇ? ಪಕ್ಕದ ಡಿಸ್ಕುಗಳ ಸ್ಥಿತಿ ಈಗ ಹೇಗಿದೆ? ಈಗಾಗಲೇ ಆಪರೇಷನ್ ಆಗಿರುವವರು ಬೀಡಿ, ಸಿಗರೇಟ್ ಬಿಡಿ. ಯಾವ ಮಟ್ಟದಲ್ಲಿ ಬೆಸೆದಿದ್ದಾರೆ, ಯಾವ ಪ್ಲೇಟ್ ಹಾಕಿದ್ದಾರೆ ಎಂಬುದಿರುವ ಡಿಸ್ಚಾರ್ಜ್ ಕಾಗದ ಮತ್ತು ಹಳೆಯ ಎಂ.ಆರ್.ಐ. ಫಿಲ್ಮನ್ನು ಜೋಪಾನವಾಗಿಡಿ. ವರ್ಷಗಳ ನಂತರ ಕೈಗೆ ಹೊಸದಾಗಿ ಜೋಮು ಬಂದರೆ, ಹಿಡಿದ ಲೋಟ ಜಾರತೊಡಗಿದರೆ, ಹಳೆಯ ನೋವೇ ಇರಬೇಕೆಂದು ಮುಲಾಮು ಹಚ್ಚಿ ಸುಮ್ಮನಾಗದೆ ಆ ಕಾಗದಗಳೊಂದಿಗೆ ಬೆನ್ನುಮೂಳೆಯ ತಜ್ಞರ ಬಳಿಗೆ ಹೋಗಿ.